ಎಲ್ಲ ಅಮೈನೊ ಆಮ್ಲದ ಪುಡಿಯೂ ಆಂಟಿ-ಆಕ್ಸಿಡೆಂಟ್ ಅಲ್ಲ: ಒಂದು ಸ್ಪಷ್ಟನೆ

'ದಿನಕ್ಕೊಂದು ಚಮಚ ಅಮೈನೊ ಪುಡಿ ಕುಡಿದರೆ ಗ್ಲುಟಾಥಯೋನ್ ಏರುತ್ತದೆ, ಲಿವರ್ ಶುದ್ಧವಾಗುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಎಳೆ ನಿಜ, ಉಳಿದದ್ದು ಮಾರಾಟದ ಮಾತು.

ಗ್ಲುಟಾಥಯೋನ್ ನಮ್ಮ ಜೀವಕೋಶಗಳು ತಾವೇ ತಯಾರಿಸಿಕೊಳ್ಳುವ ಆಂಟಿ-ಆಕ್ಸಿಡೆಂಟ್, ಅಂದರೆ ಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ವಸ್ತು. ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್ ಎಂಬ 3 ಅಮೈನೊ ಆಮ್ಲಗಳಿಂದ (ಪ್ರೋಟೀನಿನ ಬಿಡಿ ಘಟಕಗಳಿಂದ) ಅದು ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಕೊರತೆ ಬೀಳುವುದು ಸಿಸ್ಟೀನ್‌ಗೆ. ಈಗ ಜಿಮ್‌ಗೆ ಹೋಗುವವರ ಕೈಯಲ್ಲಿರುವ ಬಿಸಿಎಎ (ಕವಲು ಸರಪಳಿಯ ಅಮೈನೊ ಆಮ್ಲಗಳ ಪುಡಿ) ಡಬ್ಬ ತಿರುಗಿಸಿ ನೋಡಿ: ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲೀನ್. ಮೂರರಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ! ಸ್ನಾಯುವಿಗೆ ಅದರಿಂದ ಏನಾಗುತ್ತದೆ ಎನ್ನುವುದು ಬೇರೆಯೇ ಚರ್ಚೆ.

ಸಂದೇಶದಲ್ಲಿ ಎನ್-ಅಸಿಟೈಲ್ ಸಿಸ್ಟೀನ್ ಹೆಸರೂ ಇದೆ; ಇದು ದೇಹಕ್ಕೆ ಸಿಸ್ಟೀನ್ ಒದಗಿಸುವ ಔಷಧ. ಪ್ಯಾರಾಸಿಟಮಾಲ್ ಅತಿಯಾಗಿ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಇದನ್ನೇ ಕೊಡುತ್ತಾರೆ, ಲಿವರ್ ಉಳಿಯುತ್ತದೆ. ಅಲ್ಲಿ ಗ್ಲುಟಾಥಯೋನ್ ನಿಜಕ್ಕೂ ಬರಿದಾಗಿರುತ್ತದೆ. ಆರೋಗ್ಯವಂತರ ದೇಹದಲ್ಲಿ ಹಾಗಲ್ಲ. ಸಂಗ್ರಹ ಸಾಕಷ್ಟಾದಾಗ ಗ್ಲುಟಾಥಯೋನ್ ತಾನೇ ತನ್ನ ಉತ್ಪಾದನೆಗೆ ಕಡಿವಾಣ ಹಾಕುತ್ತದೆ, ಹಾಗಾಗಿ ಇನ್ನಷ್ಟು ಸುರಿದರೆ ಅಷ್ಟೇ ಏರುತ್ತದೆ ಎನ್ನಲಾಗದು. ನೇರವಾಗಿ ಗ್ಲುಟಾಥಯೋನ್ ಪುಡಿಯನ್ನೇ ನುಂಗಿದರೂ ಬಹುಪಾಲು ಕರುಳಲ್ಲೇ ಒಡೆಯುತ್ತದೆ.

ಸಂದೇಶದಲ್ಲಿನ 'ಹೆಚ್ಚಾದರೂ ನಷ್ಟವಿಲ್ಲ' ಎಂಬ ಸಾಲು ಮಾತ್ರ ಅಪಾಯಕಾರಿ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎನ್-ಅಸಿಟೈಲ್ ಸಿಸ್ಟೀನ್ ಇಲಿಗಳ ಶ್ವಾಸಕೋಶದ ಗಡ್ಡೆಗಳನ್ನು ವೇಗವಾಗಿ ಬೆಳೆಸಿತು. ಇಲಿ ಮನುಷ್ಯನಲ್ಲ, ಒಪ್ಪೋಣ. ಆದರೆ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎದೆನೋವಿಗೆ ನೈಟ್ರೊಗ್ಲಿಸರಿನ್ ತೆಗೆದುಕೊಳ್ಳುವವರು (ರಕ್ತದೊತ್ತಡ ತೀರಾ ಇಳಿಯಬಹುದು) ಮತ್ತು ಅಸ್ತಮಾ ಇರುವವರು ವೈದ್ಯರನ್ನು ಕೇಳದೆ ಎನ್-ಅಸಿಟೈಲ್ ಸಿಸ್ಟೀನ್ ಡಬ್ಬ ತೆರೆಯಬಾರದು.