ಮೀನುಗಳ ಪಟ್ಟಾಂಗ

ಮೀನಿಗೆ ಬಾಯಿಲ್ಲ ಅಂತ ಯಾರೂ ಹೇಳುವಂತಿಲ್ಲ. ಇಡೀ ದಿನ ಬಾಯಿ ತೆರೆದು ಮುಚ್ಚುವುದೇ ಅದರ ಕೆಲಸ. ಆದರೂ ಮೂಕಪ್ರಾಣಿಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಜಾಗ. ಹಲ್ಲಿಯಾದರೂ ನಾವೇನೋ ಹೇಳುವಾಗ ಲೊಚಗುಟ್ಟಿ ‘ಹೌದು’ ಅನ್ನುತ್ತದೆ. ಮೀನು ಗಾಜಿನ ಪೆಟ್ಟಿಗೆಯೊಳಗಿಂದ ನಮ್ಮನ್ನೇ ನೋಡುತ್ತಾ ತುಟಿ ಆಡಿಸುತ್ತದೆ, ಅಷ್ಟೇ.

ತಪ್ಪು ಮೀನಿನದಲ್ಲ. ನೀರೊಳಗೆ ಹುಟ್ಟಿದ ಸದ್ದು ಹೆಚ್ಚುಕಡಿಮೆ ಎಲ್ಲವೂ ಮೇಲ್ಮೈಗೆ ಬಡಿದು ನೀರಿಗೇ ವಾಪಸ್ಸಾಗುತ್ತದೆ. ಒಳಗೆ ಮಾತ್ರ ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ ವೇಗದಲ್ಲಿ ಓಡುತ್ತದೆ. ಹಾಗಾಗಿ ಮೀನಿನ ಮಾತು ಮನುಷ್ಯರ ಕಿವಿಗೆ ಬಿದ್ದದ್ದೆಲ್ಲ ಒಂಥರಾ ಆಕಸ್ಮಿಕವೇ.

ಸ್ವೀಡನ್ನಿನ ನೌಕಾಪಡೆಯ ಪಾಡು ನೋಡಿ. 1981ರಲ್ಲಿ ಸೋವಿಯತ್ ಸಬ್‌ಮರೀನೊಂದು ಅವರ ನೌಕಾನೆಲೆಯ ಹತ್ತಿರವೇ ಬಂಡೆಗೆ ಸಿಕ್ಕಿಕೊಂಡಿತು. ಆಮೇಲೆ ಕಡಲಲ್ಲಿ ಏನು ಮಿಸುಕಿದರೂ ಅವರಿಗೆ ಗುಮಾನಿ. ನೀರೊಳಗೆ ಇಳಿಬಿಟ್ಟ ಮೈಕಿನಲ್ಲಿ ಬಾಣಲೆಯಲ್ಲಿ ಏನೋ ಕರಿದ ಹಾಗೆ ಚಟಪಟ ಸದ್ದು ಬೇರೆ. ರಷ್ಯದವರೇ ಇರಬೇಕು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಮ್ಯಾಗ್ನಸ್ ವಾಲ್‌ಬರ್ಗ್, ಹೋಕನ್ ವೆಸ್ಟರ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಅದರ ಮೂಲ ಹುಡುಕಿದರು. ಹೆರಿಂಗ್ ಮೀನುಗಳು ಹಿಂಭಾಗದಿಂದ ಬಿಡುವ ಗಾಳಿಗುಳ್ಳೆಗಳ ಸದ್ದಂತೆ ಅದು! ನಮ್ಮ ಮಾತಲ್ಲಿ ಹೇಳುವುದಾದರೆ, ಹೂಸು. ಹೆರಿಂಗ್ ಅಂದರೆ ಬೇರೆ ಯಾರೋ ಅಲ್ಲ, ನಮ್ಮ ಬೂತಾಯಿಯ ನೆಂಟ.

ಬೆನ್ ವಿಲ್ಸನ್ ಮತ್ತು ಜೊತೆಗಾರರು 2003ರಲ್ಲಿ ಇದನ್ನೇ ತೊಟ್ಟಿಯಲ್ಲಿ ಪರೀಕ್ಷಿಸಿ ಬರೆದರು. ಸದ್ದು ಬರುವುದು ಹೆಚ್ಚಾಗಿ ಕತ್ತಲಾದ ಮೇಲೆ. ಸುತ್ತ ಮೀನು ಜಾಸ್ತಿ ಇದ್ದಷ್ಟೂ ಒಂದೊಂದು ಮೀನಿನ ಸದ್ದೂ ಜಾಸ್ತಿ. ಹೊಟ್ಟೆ ತುಂಬಿದ್ದರೂ ಖಾಲಿಯಿದ್ದರೂ ವ್ಯತ್ಯಾಸವಿಲ್ಲ, ಅಂದರೆ ಅಜೀರ್ಣದ ಕೇಸಲ್ಲ. ರಾತ್ರಿ ಗುಂಪು ಚದುರದಿರಲಿ ಅಂತ ‘ನಾನಿಲ್ಲಿದ್ದೀನಿ, ನೀನೆಲ್ಲಿ?’ ಎಂದು ಕೇಳಿಕೊಳ್ಳುತ್ತಿರಬಹುದು ಎಂಬುದು ಅವರ ಊಹೆ. ನೊಬೆಲನ್ನು ಅಣಕಿಸಿ ಕೊಡುವ ಇಗ್ ನೊಬೆಲ್ 2004ರಲ್ಲಿ ಈ ಎರಡೂ ತಂಡಗಳಿಗೆ ಸಿಕ್ಕಿತು. ನನಗಂತೂ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಸರಿ, ಸ್ವಲ್ಪ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ ದೋಣಿಮನೆಗಳಲ್ಲಿ ಇರುವವರದು ಇನ್ನೊಂದು ಕಥೆ. 1980ರ ದಶಕದಲ್ಲಿ ಅವರಿಗೆ ಬೇಸಿಗೆಯ ರಾತ್ರಿಗಳಲ್ಲಿ ನಿದ್ದೆಯಿಲ್ಲ. ಎಲ್ಲೋ ಮೋಟಾರು ಓಡಿದ ಹಾಗೆ ಒಂದೇ ಸಮನೆ ಗುಂಯ್‌ಗುಡುವ ಶಬ್ದ. ಒಳಚರಂಡಿಯ ಪಂಪ್ ಮೇಲೂ ಅನುಮಾನ ಬಂತು. ಆಮೇಲೆ ತಿಳಿಯಿತು, ಅದು ಮಿಡ್‌ಶಿಪ್‌ಮನ್ ಎಂಬ ಮೀನಿನ ಗಂಡು. ಕಲ್ಲಿನಡಿ ಗೂಡು ಮಾಡಿಕೊಂಡು, ಹೊಟ್ಟೆಯೊಳಗಿನ ಗಾಳಿಚೀಲವನ್ನು ಸೆಕೆಂಡಿಗೆ ಸುಮಾರು 100 ಸಲ ಅದುರಿಸಿ ಹೆಣ್ಣನ್ನು ಕರೆಯುತ್ತಿತ್ತು. ಗಂಟೆಗಟ್ಟಲೆ! ಮನೆ ಕಟ್ಟಿ ಆಯಿತು, ಬಾ ಅನ್ನುವುದಕ್ಕೆ ಅಷ್ಟು ಹೊತ್ತು ಬೇಕೇ ಅನ್ನಬೇಡಿ, ನಮ್ಮಲ್ಲೂ ಸಂಬಂಧ ಕುದುರುವುದು ಸುಲಭವೇನಲ್ಲ ಅಲ್ವಾ.

ಸದ್ದೇ ಇಲ್ಲದ ಸುದ್ದಿಯೂ ಇದೆ. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಇದನ್ನು ಬರೆದಿದ್ದರು. ಗಾಯವಾದ ಒಂದು ಪುಟ್ಟ ಮೀನನ್ನು ನೀರಿಗೆ ಬಿಟ್ಟರೆ ಜೊತೆಯವು ಹೆದರಿ ದಿಕ್ಕಾಪಾಲಾಗುತ್ತಿದ್ದವು. ಹರಿದ ಚರ್ಮದಿಂದ ನೀರಿಗೆ ಸೇರುವ ರಸವೇ ಅಪಾಯದ ಗಂಟೆ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಮಹಸೀರ್ ಮೀನುಗಳೂ ಆ ಪುಟ್ಟ ಮೀನಿನ ದೊಡ್ಡ ಕುಟುಂಬದವೇ. ಆದರೆ ಇದನ್ನು ಮಾತು ಅನ್ನಲು ನನಗೆ ಮನಸ್ಸಿಲ್ಲ. ಗಾಯವಾದ ಮೀನು ಏನನ್ನೂ ಹೇಳಬೇಕು ಅಂತ ಹೇಳಿದ್ದಲ್ಲ.

ಹೇಳಬೇಕು ಅಂತಲೇ ಹೇಳುವ ಮೀನು ಬೇಕಿದ್ದರೆ ಕೆಂಪು ಸಮುದ್ರಕ್ಕೆ ಹೋಗಬೇಕು. ಅಲ್ಲಿನ ಗ್ರೂಪರ್, ನಮ್ಮ ಮುರುಮೀನಿನ ಜಾತಿಯದು, ಹಾವಿನಂಥ ಮೊರೆ ಈಲ್ ಇರುವ ಪೊಟರೆಯ ಮುಂದೆ ಹೋಗಿ ತಲೆ ಅಲ್ಲಾಡಿಸುತ್ತದೆ. ಬೇಟೆಗೆ ಬರ್ತೀಯಾ ಅಂತ. ಈಲ್ ಹೊರಟೂಬಿಡುತ್ತದೆ. ಬೇಟೆಯ ಮೀನು ತಪ್ಪಿಸಿಕೊಂಡು ಬಂಡೆಯ ಬಿರುಕಿನೊಳಗೆ ನುಸುಳಿದರೆ ಗ್ರೂಪರ್ ಆ ಬಿರುಕಿನ ಮೇಲೆಯೇ ತಲೆ ಕೆಳಗೆ ಮಾಡಿ ನಿಂತು ತಲೆಯಾಡಿಸುತ್ತದೆ: ಇಲ್ಲೇ ಇದೆ ನೋಡು. ಬೆರಳಿಲ್ಲದೆ ಬೆರಳು ತೋರಿಸುವುದು ಅಂದರೆ ಇದೇ. ಅದೂ ಬೇರೆ ಜಾತಿಯವನಿಗೆ. ನನ್ನ ಪೂರ್ತಿ ಅಂಕ ಇದಕ್ಕೇ.

ಇಷ್ಟೆಲ್ಲ ಒಪ್ಪಂದವಾದ ಮೇಲೆ, ಸಿಕ್ಕಿದ್ದನ್ನು ಮಾತ್ರ ಹಂಚಿಕೊಳ್ಳುವುದಿಲ್ಲ. ಯಾರ ಬಾಯಿಗೆ ಬಿತ್ತೋ ಅವರೇ ಇಡಿಯಾಗಿ ನುಂಗುತ್ತಾರೆ. ಆ ವಿಷಯದಲ್ಲಿ ಮಾತುಕತೆಯೇ ಇಲ್ಲ.