21 ತುಂಬಲಿ, ಆಮೇಲೆ ಮುಳುಗಲಿ

ವಂದೇ ಭಾರತ್ ಬಂದ ಮೇಲೆ ನಮ್ಮ ಹುಡುಗರಿಗೆ ಗೋವಾ ಅಂದ್ರೆ ಪಕ್ಕದ ಕೇರಿ. ಬೆಳಿಗ್ಗೆ ಮಂಗಳೂರು ಸೆಂಟ್ರಲ್‌ನಲ್ಲಿ ಹತ್ತಿದರೆ ಊಟದ ಹೊತ್ತಿಗೆ ಮಡಗಾಂವ್. ಮೊನ್ನೆ ಹಾಗೆ ಹೋದ ನಮ್ಮ ಬೀದಿಯ ಗುಂಪಿನಲ್ಲಿ ಒಬ್ಬನನ್ನು ಮಾತ್ರ ಜೂಜಾಡುವ ಕ್ಯಾಸಿನೊ ಹಡಗಿನ ಬಾಗಿಲಲ್ಲೇ ತಡೆದರಂತೆ. ಆಧಾರ್ ನೋಡಿದರು, ಲೆಕ್ಕ ಹಾಕಿದರು. 21 ತುಂಬಲು ಮೂರು ವಾರ ಬಾಕಿ. ಪಾಪ, ಗೆಳೆಯರು ಹಡಗಿನಿಂದ ಇಳಿಯುವ ತನಕ ಅವನು ಮಾಂಡೋವಿ ದಡದ ಬಾರಿನಲ್ಲಿ ಬಿಯರ್ ಕುಡಿಯುತ್ತಾ ಕೂತ. ಗೋವಾದಲ್ಲಿ ಕುಡಿಯಲು 18 ಸಾಕು. ವಾಪಸ್ ಬರುವಾಗ ರೈಲು ಕಾರವಾರ ತಲುಪಿದ ಕೂಡಲೇ ಅವನು ಮತ್ತೆ ಪಾಪು. ನಮ್ಮಲ್ಲಿ ಮದ್ಯಕ್ಕೂ 21. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಲು ಹೊರಟ ಸರ್ಕಾರ, ಜನ ಬೈದ ಮೇಲೆ ಸುಮ್ಮನಾಯಿತು.

ಎಂಥಾ ಕಾಳಜಿ ಮಾರಾಯ್ರೆ! 20 ವರ್ಷ 11 ತಿಂಗಳಿಗೆ ಜೂಜು ವಿಷ. ಹುಟ್ಟುಹಬ್ಬದ ಕೇಕ್ ಕತ್ತರಿಸಿದ ಕೂಡಲೇ ಅದು ಪ್ರವಾಸೋದ್ಯಮ. ಗಂಡಿನ ಮದುವೆಗೂ 21, ಕ್ಯಾಸಿನೊಗೂ 21. ಕಾನೂನು ಮಾಡಿದವರಿಗೆ ಅನುಭವ ಇತ್ತು ಅಂತ ಕಾಣ್ತದೆ.

ನಮ್ಮ ಕೋಳಿ ಅಂಕದಲ್ಲಿ ಈ ರಗಳೆಯೇ ಇಲ್ಲ. ಅಜ್ಜನ ಕೈ ಹಿಡಿದು ಮೊಮ್ಮಗನೂ ಗದ್ದೆಯಲ್ಲಿ ನಿಂತಿರುತ್ತಾನೆ. ಯಾವ ದಿನ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಅಂತ ಹೇಳಲು ಪಂಚಾಂಗವೇ ಉಂಟು. ಕೋಳಿಯ ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುವವನ ಬೆರಳು ನೋಡಬೇಕು ನೀವು, ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರಷ್ಟೇ ನಾಜೂಕು. ಅಷ್ಟರಲ್ಲಿ ಜೀಪು ಬಂತು ಅನ್ನಿ. ಜನ ಗದ್ದೆಯ ಹುಣಿ ಹಾರಿ ಓಡುತ್ತಾರೆ, ಕಟ್ಟಿಹಾಕಿದ ಕೋಳಿ ಸಿಕ್ಕಿಬೀಳುತ್ತದೆ. ಠಾಣೆಯಲ್ಲಿ ಕೋಳಿ ಸಾಕಲು ಆಗ್ತದಾ? ಕೋರ್ಟಿನ ಅನುಮತಿ ಪಡೆದು ಹರಾಜು. ಹರಾಜು ಕೂಗುವವರ ಮುಖ ಎಲ್ಲೋ ನೋಡಿದ ಹಾಗೆ ಕಾಣ್ತದೆ. ಕೋಳಿಗಂತೂ ಗುರುತು ಸಿಕ್ಕಿರುತ್ತದೆ. ಇನ್ನು ಗುಡ್ಡೆಯಲ್ಲಿ ಟಾರ್ಪಾಲು ಹಾಸಿ ಉಲಾಯಿ-ಪಿದಾಯಿ, ಅಂದರೆ ಇಸ್ಪೀಟಿನ ಅಂದರ್-ಬಾಹರ್, ಆಡಿದವರಿಗೆ ಕೇಸು. ಅದೇ ಆಟವನ್ನು ಹಡಗಿನಲ್ಲಿ ಎಸಿ ಹಾಕಿ ಆಡಿಸಿದವರಿಗೆ ಲೈಸೆನ್ಸು.

ಹಡಗು ಅಂದೆ ಅಲ್ವಾ. ಕಾಗದದಲ್ಲಿ ಅದು ‘ಆಫ್‌ಶೋರ್’, ಅಂದರೆ ದಡದಿಂದಾಚೆ ಕಡಲಲ್ಲಿರುವಂಥದ್ದು. ನಿಂತಿರುವುದು ಪಣಜಿಯ ನದಿಯಲ್ಲಿ, ದಡದಿಂದ ಕಲ್ಲು ಹೊಡೆದರೆ ತಾಗುವಷ್ಟು ದೂರದಲ್ಲಿ. ವಿಷಯ ಅದಲ್ಲ. ಈ ಕ್ಯಾಸಿನೊಗಳ ಒಳಗೆ ಗೋವಾದವರೇ ಕಾಲಿಡುವಂತಿಲ್ಲ. 2020ರ ಫೆಬ್ರವರಿಯಿಂದ ಅಲ್ಲಿನ ಸರ್ಕಾರವೇ ಜಾರಿಗೆ ತಂದ ನಿಯಮ. ನಮ್ಮ ಹತ್ತಿರ ವಯಸ್ಸು ಕೇಳುತ್ತಾರೆ, ಅವರ ಹತ್ತಿರ ಊರು ಕೇಳುತ್ತಾರೆ. ಇದನ್ನು ನೋಡಿಕೊಳ್ಳಲು ಗೇಮಿಂಗ್ ಕಮಿಷನರ್ ಅಂತ ಒಬ್ಬರು ಬೇಕಲ್ಲ, ಆ ಕೆಲಸ ಕೊಟ್ಟದ್ದು ಯಾರಿಗೆ? ತೆರಿಗೆ ವಸೂಲಿಯ ಕಮಿಷನರಿಗೆ! ಬೇರೆ ಯಾರಿಗೂ ಇಷ್ಟು ಶ್ರದ್ಧೆ ಇರಲು ಸಾಧ್ಯವಿಲ್ಲ ಬಿಡಿ.

ಗೋವಾ ಒಂದೇ ಅಲ್ಲ. ನೇಪಾಳದ ಕ್ಯಾಸಿನೊಗೆ ನೇಪಾಳಿಗಳಿಗೆ ಪ್ರವೇಶ ಇಲ್ಲ. ಸಿಂಗಾಪುರದಲ್ಲಿ ಅಲ್ಲಿಯವರು ಒಂದು ದಿನಕ್ಕೆ 150 ಸಿಂಗಾಪುರ ಡಾಲರ್ ಕಟ್ಟಿ ಒಳಗೆ ಹೋಗಬೇಕು, ಹೊರದೇಶದವರು ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಅಂದರೆ ಇದು ಮನೆ ಹಾಳು ಮಾಡುವ ಬಾಬ್ತು ಅಂತ ಆಳುವವರಿಗೆಲ್ಲ ಚೆನ್ನಾಗಿ ಗೊತ್ತುಂಟು. ಹಾಳಾಗುವ ಮನೆ ಪಕ್ಕದ ಊರಿನದ್ದಾಗಿರಬೇಕು, ಅಷ್ಟೇ. ಆ ಪಕ್ಕದ ಊರು ನಾವು.

ಸೊಸೈಟಿಯಲ್ಲಿ ಕರಿಮಣಿ ಅಡವಿಟ್ಟು ಗೋವಾಕ್ಕೆ ಹೋಗುವವರು ಇಪ್ಪತ್ತರ ಹುಡುಗರಲ್ಲ. ಐವತ್ತು ದಾಟಿದವರು, ಕೈಗೆ ಪಿಎಫ್ ಹಣ ಬಂದವರು, ಅಂಗಡಿ ಮಾರಿದವರು. ಅವರ ಆಧಾರ್ ಕಾರ್ಡಿನಲ್ಲಿ ಒಂದು ತಪ್ಪೂ ಇರುವುದಿಲ್ಲ. ‘ಬನ್ನಿ ಸರ್’ ಅಂತ ಕರೆದು, ಊಟ ಕೊಟ್ಟು, ಕುಡಿಸಿ, ಬೆಳಗಿನ ಜಾವ ಖಾಲಿ ಕಿಸೆಯಲ್ಲಿ ದಡಕ್ಕೆ ಬಿಡುತ್ತಾರೆ. ಮಗಳ ಕಾಲೇಜು ಫೀಸು ಕಟ್ಟಿ ಆಯ್ತಾ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ವಯಸ್ಸು ಕೇಳಿ ಆಯ್ತಲ್ಲ! ಇದನ್ನು ನಿಯಂತ್ರಣ ಅಂತ ಕರೆಯುವವರಿಗೆ ನಾಚಿಕೆ ಆಗಬೇಕಿತ್ತು. ಆಗಿಲ್ಲ.