ನಂಬಿಕೆ ಅಂದ್ರ ಹಿಂದಕ್ಕ ಬೀಳೋದು

ಮಾರ್ಚ್ ಬಂತು. ನೋಟಿಸ್ ಬೋರ್ಡಿಗೆ ಮತ್ತೆ ಆ ಸುತ್ತೋಲೆ ಅಂಟಿದೆ. ನೀವೂ ಓದಿರುತ್ತೀರಿ, ಎಲ್ಲ ಕಡೆ ಒಂದೇ ಒಕ್ಕಣೆ: ರವಿವಾರ ಟೀಮ್ ಬಿಲ್ಡಿಂಗ್, ಹಾಜರಿ ಕಡ್ಡಾಯ, ಎಲ್ಲರೂ ಮಜಾ ಮಾಡತಕ್ಕದ್ದು. ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದ ಮಂದಿ ಮೊದಮೊದಲು ಖುಷಿಪಟ್ಟಿದ್ದುಂಟು. ‘ಬಿಲ್ಡಿಂಗ್ ಅಂದ್ರ ಕ್ಯಾಂಟೀನಿನ ತೂತುಬಿದ್ದ ಪತ್ರಾ ಬದಲಿ ಮಾಡ್ತಾರ್ರೀ!’ ಕಟ್ಟುವುದು ಪತ್ರಾವನ್ನಲ್ಲ, ತಮ್ಮನ್ನೇ ಅಂತ ಆಮೇಲೆ ಗೊತ್ತಾಯಿತು. ಮಾರ್ಚಿನಲ್ಲೇ ಯಾಕೆ? ಪ್ರೀತಿಗೆಂದು ತೆಗೆದಿಟ್ಟ ರೊಕ್ಕ 31ರೊಳಗೆ ಖರ್ಚಾಗದಿದ್ದರೆ ಬರುವ ವರ್ಷ ಪ್ರೀತಿಯಲ್ಲೇ ಕಡಿತ.

ರವಿವಾರದ ಮಜಾಕ್ಕೆ ಓವರ್‌ಟೈಮ್ ಇಲ್ಲ, ಯಾಕೆಂದರೆ ಅದು ಕೆಲಸವಲ್ಲ. ಬಾರದವರಿಗೆ ಗೈರುಹಾಜರಿ ಬೀಳುತ್ತದೆ, ಯಾಕೆಂದರೆ ಅದು ಕೆಲಸ.

ಆಟಗಳಲ್ಲಿ ಮೊದಲ ಮರ್ಯಾದೆ ‘ಟ್ರಸ್ಟ್ ಫಾಲ್’ಗೆ. ಒಬ್ಬ ಮೇಜು ಹತ್ತಿ ಬೆನ್ನು ತಿರುಗಿಸಿ ಹಿಂದಕ್ಕೆ ಬೀಳಬೇಕು, ಕೆಳಗಿನವರು ಹಿಡಿಯಬೇಕು. ಶಾಸ್ತ್ರೋಕ್ತವಾಗಿ ಆಗಬೇಕೆಂದರೆ ಎಂಟು-ಹತ್ತು ಮಂದಿ ಎದುರುಬದುರು ನಿಂತು, ಅಂಗೈ ಮೇಲೆ ಮಾಡಿ, ಮೊಣಕೈ ತುಸು ಬಗ್ಗಿಸಿ, ಜಿಪ್ಪಿನ ಹಲ್ಲುಗಳಂತೆ ಒಬ್ಬರ ಕೈ ಬಿಟ್ಟು ಎದುರಿನವರ ಕೈ ಬರುವ ಹಾಗೆ ಚಾಚಬೇಕು. ಕೈಗೆ ಕೈ ಹಿಡಿದುಕೊಂಡರೆ ಭಾರ ಬಿದ್ದೊಡನೆ ಎದುರಿನವನ ತಲೆಗೆ ತಲೆ ಢೀ. ಗಡಿಯಾರ, ಉಂಗುರ, ಜೇಬಿನ ಪೆನ್ನು ಎಲ್ಲ ಕಳಚಿಡಬೇಕು. ಬೀಳುವವನು ಎದೆಮೇಲೆ ಕೈಕಟ್ಟಿ ಹಲಗೆಯಂತೆ ಸೆಟೆದು ಬೀಳಬೇಕು. ಎಡವಟ್ಟಾಗುವುದು ಇಲ್ಲೇ. ಹೆದರಿಕೆಗೆ ನಡು ಬಗ್ಗುತ್ತದೆ, ನಡು ಬಗ್ಗಿತೋ ಮೈಭಾರವೆಲ್ಲ ಕುಂಡಿಗಿಳಿದು ನಡುವಿನ ಒಂದೇ ಜೋಡಿಯ ಕೈಮೇಲೆ ಕೂರುತ್ತದೆ. ತೊಂಬತ್ತು ಕೆಜಿಯ ಸಾಹೇಬರು ಬಿದ್ದಾಗ ಆ ಜೋಡಿ ಕೈ ತೆಗೆಯುವಂತಿಲ್ಲ, ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಇದೆ.

ಇದನ್ನು ಫೌಂಡ್ರಿಯವರಿಗೆ, ಅಂದರೆ ಎರಕ ಹೊಯ್ಯುವವರಿಗೆ ಕಲಿಸುತ್ತಾರಲ್ಲ, ಅದೇ ಸೊಗಸು. ಸಾವಿರದ ಮುನ್ನೂರು ಡಿಗ್ರಿ ದಾಟಿ ಕರಗಿದ ಬೀಡುಕಬ್ಬಿಣವನ್ನು ಕೈ-ಲೇಡಲ್ ಎಂಬ ಹಿಡಿಕೆಯ ಪಾತ್ರೆಯಲ್ಲಿ ತುಂಬಿ, ಇಬ್ಬರು ಎರಡು ತುದಿ ಹಿಡಿದು, ಮರಳಚ್ಚುಗಳ ಸಾಲಿನ ನಡುವೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಜನ ಅವರು. ಒಬ್ಬ ಎಡವಿದರೆ ಇಬ್ಬರ ಕಾಲೂ ಹೋದಂತೆ. ಅಚ್ಚಿನ ಮರಳಲ್ಲಿ ಹಸಿ ಹೆಚ್ಚಿದ್ದರೆ ನೀರು ಒಮ್ಮೆಗೇ ಆವಿಯಾಗಿ ಬೀಡು ಸಿಡಿಯುತ್ತದೆ. ಅಂದರೆ ಸುರಿಯುವವನು, ಹಿಂದಿನ ಪಾಳಿಯಲ್ಲಿ ಮರಳು ಹದಮಾಡಿ ಮನೆಗೆ ಹೋದವನನ್ನೂ ನಂಬಿಯೇ ಸುರಿಯುತ್ತಾನೆ. ಇಂಥವರ ಮುಂದೆ ಪುಣೆಯಿಂದ ಬಂದ ಹುಡುಗನೊಬ್ಬ ಮೈಕ್ ಹಿಡಿದು, ‘ಪಕ್ಕದವರನ್ನು ನಂಬಲು ಕಲಿಯೋಣವೇ?’ ಎನ್ನುತ್ತಾನೆ. ‘ಆತು ತಮ್ಮಾ, ಕಲೀತೇವಿ’ ಎನ್ನುತ್ತಾರೆ. ದೊಡ್ಡ ಮನಸ್ಸಿನ ಮಂದಿ.

ಇನ್ನೊಂದು ಆಟ ಗೋಪುರ ಕಟ್ಟುವುದು. ಮೂಲದಲ್ಲಿ ನಾಲ್ವರಿಗೆ 20 ಸ್ಪೆಗೆಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ತುದಿಗಿಡಲು ಒಂದು ಮಾರ್ಷ್‌ಮೆಲೊ, 18 ನಿಮಿಷ. ಇಲ್ಲಿ ಖರ್ಚುಳಿಸಲು ಶಾವಿಗೆ ಮತ್ತು ಧಾರವಾಡ ಪೇಢೆ ತರಿಸುತ್ತಾರೆ. ಕಡ್ಡಿಯ ದಪ್ಪ ಅರ್ಧಕ್ಕಿಳಿದರೆ ಬಾಗದೆ ನಿಲ್ಲುವ ತಾಕತ್ತು ಹದಿನಾರರಲ್ಲಿ ಒಂದಂಶಕ್ಕಿಳಿಯುತ್ತದೆ. ಪೇಢೆಯೋ ಮಾರ್ಷ್‌ಮೆಲೊದ ಎರಡು-ಮೂರು ಪಟ್ಟು ತೂಕ. ಹತ್ತು ಎಳೆ ಒಟ್ಟಿಗೆ ಕಟ್ಟಿ ತ್ರಿಕೋನ ಮಾಡಿ, ಪೇಢೆಯನ್ನು ಮೊದಲೇ ಸಿಕ್ಕಿಸಿ ನೋಡುತ್ತ ಕಟ್ಟಿದರೆ ಒಂದು ಗೇಣಾದರೂ ಏಳುತ್ತದೆ. ಆಫೀಸಿನವರು ಹಾಗೆ ಮಾಡುವುದಿಲ್ಲ. ಹತ್ತು ನಿಮಿಷ ಲೀಡರ್ ಯಾರೆಂದು ಚರ್ಚಿಸಿ, ಹದಿನೇಳನೆಯ ನಿಮಿಷಕ್ಕೆ ತುದಿಯಲ್ಲಿ ಪೇಢೆ ಇಡುತ್ತಾರೆ. ಬಾಲವಾಡಿ ಮಕ್ಕಳು ಈ ಆಟದಲ್ಲಿ ಮ್ಯಾನೇಜ್‌ಮೆಂಟ್ ಪದವೀಧರರನ್ನು ಸೋಲಿಸುವುದು ಹೆಸರುವಾಸಿ ಸಂಗತಿ. ಮಕ್ಕಳು ಕುರ್ಚಿಗಾಗಿ ಜಗಳಾಡುವುದಿಲ್ಲ, ಪೇಢೆಗಾಗಿ ಮಾತ್ರ ಆಡುತ್ತಾರೆ.

ಪ್ರವಾಸದ ಮಾತು ಬೇರೆ. ಗೋಕಾಕ ಫಾಲ್ಸ್‌ಗೆ ಮಾರ್ಚ್‌ನಲ್ಲಿ ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ಘಟಪ್ರಭೆ ಧುಮ್ಮಿಕ್ಕುವ ಜಾಗದಲ್ಲಿ ಬರೀ ಬಂಡೆ ನೋಡಿ, ಕರದಂಟು ಕಟ್ಟಿಸಿಕೊಂಡು ಬರುವುದು. ವಿಜಯಪುರವೇ ವಾಸಿ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಗೋಡೆಗೆ ಬಾಯಿ ಹಚ್ಚಿ ಉಸುರಿದ್ದು ಆ ಗೋಡೆಯ ಕಿವಿಗೆ ಕೇಳುತ್ತದೆ. ಬೆಳಗ್ಗೆ ಬೇಗ ಹೋಗಬೇಕು. ಸಾಲಿ ಮಕ್ಕಳ ಬಸ್ಸು ಬಂದವೋ ಎಲ್ಲ ದನಿಯೂ ಕಲೆತು ಬರೀ ಗದ್ದಲ. ಏಳು ಸಲ ಮರುದನಿ ಬರುತ್ತದೆಂದು ಗೈಡುಗಳು ಹೇಳುತ್ತಾರೆ. ‘ಪಗಾರ ಹೆಚ್ಚ ಮಾಡ್ರೀ’ ಎಂದವನಿಗೆ ಉತ್ತರವಂತ ಒಂದು ಸಿಕ್ಕಿದ್ದು ಅಲ್ಲೇ ಇರಬೇಕು. ಏಳು ಸಲ ‘ಮಾಡ್ರೀ’. ಮುಹಮ್ಮದ್ ಆದಿಲ್ ಶಾಹ ಗೋರಿಯೊಳಗಿದ್ದೇ ತೋರಿದ ಈ ಸೌಜನ್ಯ ಎಚ್‌ಆರ್ ವಿಭಾಗಕ್ಕೆ ಬರಲಿಲ್ಲ.

ಗೌರವಿಸುವ ಪದ್ಧತಿಗೂ ಒಂದು ಲೆಕ್ಕವಿದೆ. ‘ತಿಂಗಳ ತಾರೆ’ ಎಂದು ಗೋಡೆಗೆ ಫೋಟೋ ಹಾಕುತ್ತಾರೆ. ವರ್ಷಕ್ಕೆ 12 ತಾರೆ. ಮುನ್ನೂರು ಮಂದಿಯ ಕಾರ್ಖಾನೆಯಲ್ಲಿ ಎಲ್ಲರಿಗೂ ಒಂದೊಂದು ಸಲ ಹೊಳೆಯಲು 25 ವರ್ಷ. ಪ್ರಮಾಣಪತ್ರದ್ದು ಇನ್ನೊಂದು ಕಥೆ. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಒಂದನ್ನೇ ಸಾರ್ಟ್ ಮಾಡಿ, ಅದು ಕೊಡುವ ಎಚ್ಚರಿಕೆಗೆ ‘ಮುಂದುವರಿಸು’ ಒತ್ತಿದರೆ ಹೆಸರು ಸರಿದು ಬಿರುದು ಅಲ್ಲೇ ಉಳಿಯುತ್ತದೆ. ‘ಅತ್ಯುತ್ತಮ ಹಾಜರಾತಿ’ ಯಾರ ಹೆಸರಿಗೆ ಬಂತೋ ಆತ ಸಮಾರಂಭಕ್ಕೇ ಬಂದಿರುವುದಿಲ್ಲ.

ನಗುವುದು ಇಲ್ಲಿಗೆ ಸಾಕು. ‘ಅಪಘಾತವಿಲ್ಲದ ನೂರು ದಿನ’ಕ್ಕೆ ಇಡೀ ಪಾಳಿಗೆ ಸ್ಟೀಲಿನ ಡಬ್ಬಿ ಕೊಡುತ್ತಾರಲ್ಲ, ಅದು ಆಟವಲ್ಲ. 97ನೆಯ ದಿನ ಒಬ್ಬನ ಬೆರಳು ಜಜ್ಜುತ್ತದೆ. ಮೂವತ್ತು ಮನೆಯ ಡಬ್ಬಿ ತನ್ನಿಂದ ತಪ್ಪಬಾರದೆಂದು ಅವನು ಅರಿವೆ ಸುತ್ತಿಕೊಂಡು ಸುಮ್ಮನಾಗುತ್ತಾನೆ, ಹೊರಗಿನ ದವಾಖಾನೆಗೆ ಹೋಗಿ ‘ಮನ್ಯಾಗ ಬಾಗಿಲಾ ಬಡೀತು’ ಎನ್ನುತ್ತಾನೆ. ಕೆಲಸದ ಗಾಯವೆಂದು ದಾಖಲಾಗಿದ್ದರೆ ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ವಾಸಿಯಾಗುವ ತನಕ ಪಗಾರದ ಶೇ. 90 ಕೊಡುತ್ತದೆ. ಬರೀ ಕಾಯಿಲೆಯೆಂದಾದರೆ ಶೇ. 70, ಅದೂ ವರ್ಷಕ್ಕೆ 91 ದಿನ. ಬೆರಳು ಶಾಶ್ವತವಾಗಿ ಹೋದರೆ ಜೀವನಪೂರ್ತಿ ಸಿಗಬೇಕಾದ ಪರಿಹಾರಕ್ಕೂ ಆ ದಾಖಲೆಯೇ ಬೇಕು. ಬೆರಳು ಅವನದು, ನಷ್ಟ ಅವನದು, ಬೋರ್ಡಿನ ಮೇಲಿನ ನೂರು ಮಾತ್ರ ಕಂಪನಿಯದು. ಮಷಿನ್ನಿಗೆ ಗಾರ್ಡ್ ಹಾಕಿಸುವ ಬದಲು ಗಾಯ ಹೇಳುವ ಬಾಯಿಗೆ ಗಾರ್ಡ್ ಹಾಕಿಸುವ ಈ ಡಬ್ಬಿಗೆ ಸತ್ಕಾರ ಅಂತ ಹೆಸರಿಡಬೇಡಿ. ನಾಚಿಕೆಯಾಗಬೇಕು.

ಇರಲಿ. ರವಿವಾರ ಬೆಳಗ್ಗೆ ಆರಕ್ಕೆ ಗೇಟಿನೆದುರು ಬಸ್ಸು. ಸುತ್ತೋಲೆಯ ಕೊನೆಯ ಸಾಲು ಓದಿದಿರಾ? ಆಟದ ವೇಳೆ ಕಾಲಿಗೆ ಪೆಟ್ಟಾಗಬಾರದೆಂದು ಎಲ್ಲರೂ ಬೂಟು ಹಾಕಿಕೊಂಡು ಬರಬೇಕಂತೆ. ಕಂಪನಿ ಕೊಡಬೇಕಾದ ಸೇಫ್ಟಿ ಬೂಟು ದೀಪಾವಳಿಯಿಂದ ಬಾಕಿ ಇವೆ, ಹೀಗಾಗಿ ಅವರವರ ಖರ್ಚಿನಲ್ಲಿ.